ಹಲ್ಲಿಗೆ ಕ್ಲಿಪ್ ಇರುವಾಗ ದಂತಕವಚದ ರಕ್ಷಣೆ: ಪೇಸ್ಟ್, ಮೌತ್‌ವಾಷ್, ವಾರ್ನಿಷ್, ಕ್ರೀಮುಗಳಲ್ಲಿ ಯಾರಿಗೆ ಯಾವುದು?

ವಕ್ರವಾಗಿ ಬೆಳೆದ ಹಲ್ಲುಗಳನ್ನು ಸಾಲಿಗೆ ತರಲು ಹಾಕಿಸಿಕೊಂಡ ಕ್ಲಿಪ್ಪನ್ನು ಒಂದೂವರೆ ಎರಡು ವರ್ಷಗಳ ನಂತರ ಬಿಚ್ಚಿದಾಗ, ಹಲ್ಲು ನೇರವಾಗಿದ್ದರೂ ಬ್ರಾಕೆಟ್, ಅಂದರೆ ತಂತಿಯನ್ನು ಹಿಡಿದಿಡಲು ಪ್ರತಿ ಹಲ್ಲಿಗೂ ಅಂಟಿಸುವ ಪುಟ್ಟ ತುಣುಕು, ಇದ್ದ ಜಾಗದ ಸುತ್ತ ಸುಣ್ಣ ಬಳಿದಂತಹ ಬಿಳಿ ಮಚ್ಚೆಗಳು ಉಳಿದಿರುವುದು ಅಪರೂಪವೇನಲ್ಲ. ಹಲ್ಲಿನ ಗಟ್ಟಿ ಹೊರಪದರವಾದ ದಂತಕವಚದೊಳಗಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಹೋದುದರಿಂದ ಉಂಟಾದ ಸೂಕ್ಷ್ಮ ರಂಧ್ರಗಳ ಗುರುತು ಅದು. ಅರ್ಥಾತ್ ಹುಳುಕಿನ ಮೊದಲ ಹಂತ. ಇದನ್ನು ತಡೆಯಲೆಂದು ಔಷಧಿ ಅಂಗಡಿಯಲ್ಲಿ ಸಿಗುವ ಪೇಸ್ಟು, ಮೌತ್‌ವಾಷುಗಳಿಂದ ಹಿಡಿದು ದಂತವೈದ್ಯರೇ ಹಚ್ಚಬೇಕಾದ ವಾರ್ನಿಷ್, ಜೆಲ್‌ಗಳವರೆಗೆ ಅನೇಕ ಲೇಪಗಳಿವೆ. ಇವುಗಳನ್ನು ಹೋಲಿಸುವಾಗ ಹೆಚ್ಚಿನವರು ಮೊದಲು ನೋಡುವುದು ಫ್ಲೋರೈಡಿನ ಪ್ರಮಾಣ ಎಷ್ಟು ಎಂಬುದನ್ನು. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಆ ಲೇಪವನ್ನು ದಿನವೂ ಹಚ್ಚುವ ಕೈ ಯಾರದು ಎಂಬುದು. ಹದಿಮೂರು ವರ್ಷದ ಮಗ ತಾನಾಗಿಯೇ ಮಾಡಬೇಕಾದ ಕೆಲಸವೋ, ತಿಂಗಳಿಗೊಮ್ಮೆ ವೈದ್ಯರು ಕುರ್ಚಿಯಲ್ಲಿ ಕೂರಿಸಿ ಮಾಡಿ ಮುಗಿಸುವ ಕೆಲಸವೋ ಎಂಬುದರ ಮೇಲೆ ಫಲಿತಾಂಶ ಬಹುಮಟ್ಟಿಗೆ ನಿಂತಿದೆ.

ಮಚ್ಚೆ ಮೂಡುವ ಬಗೆ

ಬ್ರಾಕೆಟ್, ತಂತಿ, ರಬ್ಬರ್ ಉಂಗುರಗಳ ಸಂದಿಯಲ್ಲಿ ಆಹಾರ ಸಿಕ್ಕಿಕೊಂಡು, ಬ್ರಷ್ ತಲುಪದ ಕಡೆ ಬ್ಯಾಕ್ಟೀರಿಯಾಗಳ ಅಂಟುಪದರ, ಅಂದರೆ ಪ್ಲಾಕ್, ದಪ್ಪವಾಗುತ್ತದೆ. ನಾವು ಸಕ್ಕರೆ ಅಥವಾ ಪಿಷ್ಟ ತಿಂದ ಕೆಲವೇ ನಿಮಿಷಗಳಲ್ಲಿ ಈ ಬ್ಯಾಕ್ಟೀರಿಯಾಗಳು ಆಮ್ಲ ಉತ್ಪಾದಿಸುತ್ತವೆ. ಪ್ಲಾಕಿನ ಪಿಎಚ್ ಮಟ್ಟ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ದಂತಕವಚದ ಖನಿಜ ಕರಗತೊಡಗುತ್ತದೆ. ಜೊಲ್ಲು ಆಮ್ಲವನ್ನು ತಟಸ್ಥಗೊಳಿಸಿ ಖನಿಜವನ್ನು ಮರಳಿ ಕೂರಿಸಲು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಸಮಯ ಹಿಡಿಯುತ್ತದೆ. ಒಮ್ಮೆಲೇ ಒಂದು ಹೋಳಿಗೆ ತಿನ್ನುವುದಕ್ಕಿಂತ ಸಂಜೆಯಿಡೀ ಸಕ್ಕರೆ ಹಾಕಿದ ಚಹಾವನ್ನೋ ತಂಪು ಪಾನೀಯವನ್ನೋ ಗುಟುಕು ಗುಟುಕಾಗಿ ಕುಡಿಯುತ್ತಿರುವುದು ಹೆಚ್ಚು ಹಾನಿಕರವಾಗುವುದು ಇದೇ ಕಾರಣಕ್ಕೆ. ಇಲ್ಲಿ ಫ್ಲೋರೈಡಿನ ಪಾತ್ರ ಎರಡು ಬಗೆಯದು. ಅದು ಖನಿಜ ಮರಳಿ ಕೂರುವುದನ್ನು ಚುರುಕುಗೊಳಿಸುತ್ತದೆ. ಜೊತೆಗೆ, ಹಾಗೆ ಕೂತ ಫ್ಲೋರೈಡ್‌ಯುಕ್ತ ಹರಳು ಕರಗಬೇಕಾದರೆ ಪಿಎಚ್ ಸುಮಾರು 4.5ರವರೆಗೆ ಇಳಿಯಬೇಕಾಗುತ್ತದೆ.

ಬಾಯಿ ಸ್ವಚ್ಛವಾಗಿರದಿದ್ದರೆ ಕ್ಲಿಪ್ ಹಾಕಿದ ನಾಲ್ಕು ವಾರಗಳಲ್ಲಿಯೇ ಕಣ್ಣಿಗೆ ಕಾಣುವ ಮಚ್ಚೆ ಮೂಡಬಹುದು, ಅಂದರೆ ಮುಂದಿನ ಭೇಟಿಯ ದಿನಾಂಕ ಬರುವುದರೊಳಗೆ. 1982ರಲ್ಲಿ ಗೊರೆಲಿಕ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ, ಇಂದಿಗೂ ಉಲ್ಲೇಖವಾಗುವ ಅಧ್ಯಯನದಲ್ಲಿ ಚಿಕಿತ್ಸೆ ಪಡೆದವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ಕನಿಷ್ಠ ಒಂದಾದರೂ ಬಿಳಿ ಮಚ್ಚೆ ಇತ್ತು. ಮೇಲಿನ ಪಾರ್ಶ್ವದ ಬಾಚಿಹಲ್ಲುಗಳು ಅತಿ ಹೆಚ್ಚು ತೊಂದರೆಗೊಳಗಾಗಿದ್ದವು. ಅದೇ ಅಧ್ಯಯನದ ಇನ್ನೊಂದು ಸಂಗತಿ ನನಗೆ ಹೆಚ್ಚು ಬೋಧಪ್ರದವೆನಿಸುತ್ತದೆ: ಕೆಳಗಿನ ಮುಂಹಲ್ಲುಗಳ ಒಳಬದಿಗೆ ದೀರ್ಘಕಾಲ ಅಂಟಿಸಿದ್ದ ತಂತಿಯ ಸುತ್ತ ಅವರಿಗೆ ಮಚ್ಚೆಗಳೇ ಕಾಣಲಿಲ್ಲ. ನಾಲಿಗೆಯ ಕೆಳಗಿನ ಗ್ರಂಥಿಗಳಿಂದ ಜೊಲ್ಲು ಸದಾ ಹರಿಯುವ ಜಾಗ ಅದು. ಜೊಲ್ಲು ಚೆನ್ನಾಗಿ ತೊಳೆಯದ ಮೇಲಿನ ಮುಂಹಲ್ಲುಗಳ ಹೊರಮೈ, ಒಸಡಿಗೂ ಬ್ರಾಕೆಟ್ಟಿಗೂ ನಡುವಿನ ಕಿರಿದಾದ ಪಟ್ಟಿ, ಇವೇ ಯಾವುದೇ ಲೇಪ ತಲುಪಬೇಕಾದ ನಿಜವಾದ ಗುರಿ.

ಎಲ್ಲಕ್ಕೂ ತಳಹದಿ: ಫ್ಲೋರೈಡ್ ಪೇಸ್ಟ್

ಬೇರೆ ಏನನ್ನು ಆರಿಸಿಕೊಂಡರೂ ಇದನ್ನು ಬಿಡುವಂತಿಲ್ಲ. ಭಾರತದಲ್ಲಿ ಸೌಂದರ್ಯವರ್ಧಕವೆಂದು ಮಾರಾಟವಾಗುವ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ ಎಷ್ಟು ಭಾಗ ಎಂಬ ಅಳತೆ) ಮೀರಬಾರದೆಂದು ಔಷಧ ಮತ್ತು ಸೌಂದರ್ಯವರ್ಧಕಗಳ ನಿಯಮ ಹೇಳುತ್ತದೆ. ಯುರೋಪಿನ ಸಾಮಾನ್ಯ ಪೇಸ್ಟುಗಳಲ್ಲಿ ಇದು 1450 ಪಿಪಿಎಂವರೆಗೆ ಇರುತ್ತದೆ. ಆದ್ದರಿಂದ ನಮ್ಮ ಅಂಗಡಿಗಳಲ್ಲಿ ಸಿಗುವ ಫ್ಲೋರೈಡ್ ಪೇಸ್ಟುಗಳ ನಡುವೆ ಈ ಅಂಶದಲ್ಲಿ ಆರಿಸಲು ಹೆಚ್ಚೇನೂ ಇಲ್ಲ, ಬೆಲೆ ಮತ್ತು ರುಚಿ ನೋಡಿ ಕೊಂಡರೆ ಸಾಕು. ನೋಡಲೇಬೇಕಾದದ್ದು ಫ್ಲೋರೈಡ್ ಇದೆಯೋ ಇಲ್ಲವೋ ಎಂಬುದನ್ನು. ಗಿಡಮೂಲಿಕೆಯ ಹೆಸರಿನಲ್ಲಿ ಬರುವ ಹಲವು ಪೇಸ್ಟುಗಳಲ್ಲಿ ಅದು ಇರುವುದಿಲ್ಲ. ಲವಂಗ, ಬೇವು, ಉಪ್ಪು ಬಾಯಿಗೆ ಹಿತವೆನಿಸಬಹುದು. ಬ್ರಾಕೆಟ್ಟಿನ ಸುತ್ತ ಖನಿಜ ಕರಗುವುದನ್ನು ತಡೆಯುವ ಕೆಲಸಕ್ಕೆ ಅವು ಫ್ಲೋರೈಡಿನ ಬದಲಿಯಾಗಲಾರವು.

ಹೆಚ್ಚು ಸಾಂದ್ರತೆಯ, 5000 ಪಿಪಿಎಂ ಪೇಸ್ಟು ಇನ್ನೊಂದು ಆಯ್ಕೆ. ಬ್ರಿಟನ್ನಿನಲ್ಲಿ ಇದು ದಂತವೈದ್ಯರ ಚೀಟಿಯ ಮೇಲೆ ಮಾತ್ರ, ಹದಿನಾರು ತುಂಬಿದವರಿಗೆ ಸಿಗುವ ವಸ್ತು. ಸ್ವೀಡನ್ನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಕ್ಲಿಪ್ ಹಾಕಿಸಿಕೊಂಡವರಲ್ಲಿ ಸಾಮಾನ್ಯ ಪೇಸ್ಟಿಗಿಂತ ಇದನ್ನು ಬಳಸಿದವರಿಗೆ ಹೊಸ ಮಚ್ಚೆಗಳ ಅಪಾಯ ಸರಿಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಒಂದೇ ಪ್ರಯೋಗದ ಆಧಾರವಾದ್ದರಿಂದ ಇದನ್ನು ಖಚಿತ ಸತ್ಯವೆಂದು ಹಿಡಿಯಲಾಗದು. ಆದರೂ ಈಗಾಗಲೇ ಹುಳುಕು ಹಲ್ಲುಗಳಿರುವ, ಬಾಯಿ ಒಣಗುವ ತೊಂದರೆಯಿರುವ, ಉಗುಳಲು ಚೆನ್ನಾಗಿ ಬರುವ ದೊಡ್ಡವರಿಗೆ ಇದು ಸಮಂಜಸವಾದ ಆಯ್ಕೆ. ದಿನಕ್ಕೆ ಎರಡು ಬಾರಿ ಹಲ್ಲುಜ್ಜುವ ಅಭ್ಯಾಸ ಇದ್ದೇ ಇರುವುದರಿಂದ ಹೊಸ ಅಭ್ಯಾಸವೊಂದನ್ನು ಕಲಿಯಬೇಕಿಲ್ಲ, ಪೇಸ್ಟಿನ ಕೊಳವೆ ಬದಲಾದರಾಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದನ್ನು ಅವರ ಕೈಗೆ ಸಿಗದಂತೆ ಬೇರೆಯೇ ಇಡಬೇಕು.

ಯಾವ ಪೇಸ್ಟಾದರೂ ಉಜ್ಜಿದ ಮೇಲೆ ನೊರೆಯನ್ನು ಉಗುಳಬೇಕು. ನೀರು ಹಾಕಿ ಹತ್ತು ಬಾರಿ ಮುಕ್ಕಳಿಸಬಾರದು. ಹಾಗೆ ಮುಕ್ಕಳಿಸಿದರೆ ಹಣ ಕೊಟ್ಟು ತಂದ ಫ್ಲೋರೈಡ್ ಬಚ್ಚಲಿಗೆ ಹೋಗುತ್ತದೆ. ನಮ್ಮಲ್ಲಿ ಬಾಯಿ ತೊಳೆಯುವುದೆಂದರೆ ಚೆನ್ನಾಗಿ ನೀರು ಮುಕ್ಕಳಿಸುವುದು ಎಂಬ ರೂಢಿ ಬಲವಾಗಿರುವುದರಿಂದ ಈ ಸಲಹೆಯನ್ನು ಪಾಲಿಸುವುದು ಕೇಳಿದಷ್ಟು ಸುಲಭವಲ್ಲ.

ಮನೆಯಲ್ಲಿ ಮುಕ್ಕಳಿಸುವುದೋ, ಕ್ಲಿನಿಕ್ಕಿನಲ್ಲಿ ಹಚ್ಚಿಸುವುದೋ

ನಿಜವಾದ ಆಯ್ಕೆ ಎದುರಾಗುವುದು ಇಲ್ಲಿ. ದಿನಬಳಕೆಯ ಫ್ಲೋರೈಡ್ ಮೌತ್‌ವಾಷಿನಲ್ಲಿ 0.05 ಪ್ರತಿಶತ ಸೋಡಿಯಂ ಫ್ಲೋರೈಡ್, ಅಂದರೆ ಸುಮಾರು 225 ಪಿಪಿಎಂ ಫ್ಲೋರೈಡ್ ಇರುತ್ತದೆ. ವಾರಕ್ಕೊಮ್ಮೆ ಬಳಸುವ 0.2 ಪ್ರತಿಶತದ ದ್ರಾವಣದಲ್ಲಿ ಸುಮಾರು 900 ಪಿಪಿಎಂ. ತಂತಿಯ ಹಿಂದೆ, ಬ್ರಾಕೆಟ್ಟಿನ ರೆಕ್ಕೆಗಳ ಕೆಳಗೆ ದ್ರವ ಹರಿದು ಹೋಗುವುದು ಇದರ ದೊಡ್ಡ ಅನುಕೂಲ. ಹಲ್ಲುಜ್ಜಿದ ತಕ್ಷಣ ಇದನ್ನು ಬಳಸಿದರೆ ಪೇಸ್ಟಿನ ಹೆಚ್ಚು ಸಾಂದ್ರತೆಯ ಫ್ಲೋರೈಡನ್ನು ಕಡಿಮೆ ಸಾಂದ್ರತೆಯ ದ್ರವದಿಂದ ತೊಳೆದಂತಾಗುತ್ತದೆ. ಆದ್ದರಿಂದ ಶಾಲೆಯಿಂದ ಬಂದ ಮೇಲೆ, ಮಧ್ಯಾಹ್ನದ ಊಟದ ನಂತರ, ಹೀಗೆ ಉಜ್ಜುವ ಹೊತ್ತಿನಿಂದ ದೂರವಿರುವ ಸಮಯವನ್ನು ಗೊತ್ತುಮಾಡಿಕೊಳ್ಳಬೇಕು. ಒಂದು ನಿಮಿಷ ಮುಕ್ಕಳಿಸಿ ಉಗುಳಿದ ಬಳಿಕ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು. ಆರು ವರ್ಷದೊಳಗಿನವರು ನುಂಗಿಬಿಡುವ ಸಂಭವ ಇರುವುದರಿಂದ ಅವರಿಗೆ ಇದು ಸಲ್ಲದು. ಬಾಯಿಯ ವಾಸನೆಗೆಂದು ಮಾರುವ ಮೌತ್‌ವಾಷುಗಳಲ್ಲಿ ಫ್ಲೋರೈಡ್ ಇರಲೇಬೇಕೆಂದಿಲ್ಲ, ಬಾಟಲಿಯ ಮೇಲಿನ ಚೀಟಿ ಓದಿಯೇ ಕೊಳ್ಳಬೇಕು.

ಮೌತ್‌ವಾಷಿನ ಸೋಲು ಬಾಟಲಿಯಲ್ಲಿಲ್ಲ, ಬಳಕೆಯಲ್ಲಿದೆ. ದಿನವೂ ಮುಕ್ಕಳಿಸಿದವರಲ್ಲಿ ಮಚ್ಚೆಗಳು ಕಡಿಮೆಯಾದದ್ದನ್ನು ತೋರಿಸಿದ ಅಧ್ಯಯನಗಳೇ, ಹಾಗೆ ನಿಯಮಿತವಾಗಿ ಬಳಸಿದವರು ಬಹಳ ಕಡಿಮೆ ಎಂಬುದನ್ನೂ ದಾಖಲಿಸಿವೆ. ಅದರಲ್ಲಿಯೂ ಹಲ್ಲುಜ್ಜಲು ಬೇಸರಪಡುವವರೇ ಮೌತ್‌ವಾಷನ್ನೂ ಮರೆಯುತ್ತಾರೆ. ಯಾರಿಗೆ ಅಗತ್ಯ ಹೆಚ್ಚೋ ಅವರನ್ನೇ ಈ ಉಪಾಯ ತಲುಪುವುದಿಲ್ಲ.

ಈ ಕೊರತೆಯನ್ನು ತುಂಬುವುದು ವಾರ್ನಿಷ್. ಹೆಚ್ಚು ಬಳಕೆಯಲ್ಲಿರುವ 5 ಪ್ರತಿಶತ ಸೋಡಿಯಂ ಫ್ಲೋರೈಡ್ ವಾರ್ನಿಷಿನಲ್ಲಿ 22,600 ಪಿಪಿಎಂ ಫ್ಲೋರೈಡ್ ಇರುತ್ತದೆ. ಒರೆಸಿ ಒಣಗಿಸಿದ ಹಲ್ಲಿನ ಮೇಲೆ ಸಣ್ಣ ಕುಂಚದಿಂದ ತೆಳುವಾಗಿ ಹಚ್ಚಿದರೆ ಜೊಲ್ಲು ತಾಗುತ್ತಲೇ ಗಟ್ಟಿಯಾಗಿ ಅಂಟಿಕೊಂಡು, ಹಲವು ಗಂಟೆಗಳ ಕಾಲ ಫ್ಲೋರೈಡ್ ಬಿಡುತ್ತಾ, ಹಲ್ಲಿನ ಮೇಲ್ಮೈಯಲ್ಲಿ ಕ್ಯಾಲ್ಸಿಯಂ ಫ್ಲೋರೈಡ್ ಮಾದರಿಯ ಸೂಕ್ಷ್ಮ ಕಣಗಳ ಸಂಗ್ರಹವನ್ನು ಉಂಟುಮಾಡುತ್ತದೆ. ಮುಂದೆ ಪಿಎಚ್ ಇಳಿದಾಗಲೆಲ್ಲ ಆ ಕಣಗಳು ಕರಗಿ ಫ್ಲೋರೈಡನ್ನು ಬಿಟ್ಟುಕೊಡುತ್ತವೆ. ಅಂದು ಗಟ್ಟಿ ಪದಾರ್ಥ ತಿನ್ನದೆ, ಮರುದಿನ ಬೆಳಗಿನವರೆಗೆ ಹಲ್ಲುಜ್ಜದೆ ಇದ್ದರಾಯಿತು. ಹಲ್ಲು ಒಂದು ದಿನ ಹಳದಿಯಾಗಿ ಕಾಣುವುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಲವು ವಾರ್ನಿಷುಗಳಲ್ಲಿ ಮರದ ರಾಳ ಇರುವುದರಿಂದ ಅದರ ಅಲರ್ಜಿ ಇರುವವರು, ಆಸ್ಪತ್ರೆಗೆ ಸೇರಬೇಕಾಗುವಷ್ಟು ತೀವ್ರವಾದ ಅಸ್ತಮಾ ಇರುವವರು ವೈದ್ಯರಿಗೆ ಅದನ್ನು ತಿಳಿಸಲೇಬೇಕು.

ವಾರ್ನಿಷಿನ ಪರವಾದ ಪುರಾವೆಯ ಕಥೆ ಸ್ವಲ್ಪ ತೊಡಕಿನದು. ಕ್ಲಿಪ್ ಚಿಕಿತ್ಸೆಯಲ್ಲಿ ಫ್ಲೋರೈಡಿನ ಬಳಕೆಯ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ ಪ್ರಕಟಿಸುವ ವಿಮರ್ಶೆಯ 2013ರ ಆವೃತ್ತಿ, ಆರು ವಾರಗಳಿಗೊಮ್ಮೆ ವಾರ್ನಿಷ್ ಹಚ್ಚಿದರೆ ಮಚ್ಚೆಗಳು ಶೇಕಡಾ 70ರ ಹತ್ತಿರ ಕಡಿಮೆಯಾಗುತ್ತವೆ ಎಂದು ಒಂದು ಪ್ರಯೋಗದ ಆಧಾರದ ಮೇಲೆ ಹೇಳಿತ್ತು. 2019ರಲ್ಲಿ ಅದನ್ನು ಪರಿಷ್ಕರಿಸಿದಾಗ ವಾರ್ನಿಷ್ ಕುರಿತು ಅಂಥ ಖಚಿತ ಮಾತು ಉಳಿಯಲಿಲ್ಲ; ಬದಲಿಗೆ ಆರರಿಂದ ಎಂಟು ವಾರಗಳಿಗೊಮ್ಮೆ ವೈದ್ಯರು ಬಳಸುವ 12,300 ಪಿಪಿಎಂ ಫ್ಲೋರೈಡ್ ನೊರೆ (ಫೋಮ್) ಹಾಗೂ ಮೇಲೆ ಹೇಳಿದ 5000 ಪಿಪಿಎಂ ಪೇಸ್ಟು ಪರಿಣಾಮಕಾರಿಯಾಗಿರಬಹುದು ಎಂದು, ಅದನ್ನೂ ಕಡಿಮೆ ಖಚಿತತೆಯೊಂದಿಗೆ, ವಿಮರ್ಶಕರು ಬರೆದರು. ಇದನ್ನು ಓದಿ ವಾರ್ನಿಷ್ ನಿಷ್ಪ್ರಯೋಜಕವೆಂದು ತೀರ್ಮಾನಿಸುವುದು ಸರಿಯಲ್ಲ. ಮಕ್ಕಳ ಸಾಮಾನ್ಯ ಹುಳುಕನ್ನು ತಡೆಯುವಲ್ಲಿ ಅದರ ಉಪಯೋಗಕ್ಕೆ ಬಲವಾದ ಆಧಾರವಿದೆ. ಚೆನ್ನಾಗಿ ಹಲ್ಲುಜ್ಜುವ, ಹುಳುಕಿನ ಅಪಾಯ ಕಡಿಮೆಯಿರುವ ರೋಗಿಗೆ ಅದರಿಂದ ಸಿಗುವ ಹೆಚ್ಚುವರಿ ಲಾಭ ಸಣ್ಣದು, ಅಪಾಯ ಹೆಚ್ಚಿರುವವನಿಗೆ ದೊಡ್ಡದು ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ. ಕ್ಲಿಪ್ಪಿನ ತಂತಿ ಬದಲಿಸಲು ನಾಲ್ಕರಿಂದ ಆರು ವಾರಗಳಿಗೊಮ್ಮೆ ಹೇಗೂ ಹೋಗಬೇಕಾಗಿರುವುದರಿಂದ, ಹಳೆಯ ತಂತಿ ತೆಗೆದು ಹೊಸದನ್ನು ಕಟ್ಟುವ ಮುನ್ನ ಹಲ್ಲು ಶುಚಿಮಾಡಿ ವಾರ್ನಿಷ್ ಹಚ್ಚಿಸಿಕೊಳ್ಳುವುದಕ್ಕೆ ಬೇರೆ ಭೇಟಿಯ ಅಗತ್ಯವೂ ಇರುವುದಿಲ್ಲ.

ಜೆಲ್ ಮತ್ತು ನೊರೆಯ ರೂಪದ ಆಮ್ಲೀಯ ಫಾಸ್ಫೇಟ್ ಫ್ಲೋರೈಡನ್ನು ತಟ್ಟೆಯಾಕಾರದ ಅಚ್ಚಿನಲ್ಲಿ ತುಂಬಿ ನಾಲ್ಕು ನಿಮಿಷ ಬಾಯಲ್ಲಿ ಇಡುತ್ತಾರೆ. ಇಲ್ಲಿ ಎರಡು ಎಚ್ಚರಿಕೆ ಬೇಕು. ಒಂದು, ಇದರ ಪಿಎಚ್ ಸುಮಾರು 3.5 ಆಗಿರುವುದರಿಂದ ಪಿಂಗಾಣಿ ಹೊದಿಕೆಯ ಹಲ್ಲು, ಗ್ಲಾಸ್ ಅಯನೋಮರ್ ಎಂಬ ಸಿಮೆಂಟಿನ ತುಂಬುವಿಕೆಗಳ ಮೇಲ್ಮೈಯನ್ನು ಕೊರೆಯಬಲ್ಲದು. ಆಮ್ಲೀಯ ಫ್ಲೋರೈಡ್ ಟೈಟಾನಿಯಂ ಮಿಶ್ರಲೋಹದ ತಂತಿಗಳ ರಕ್ಷಾಪದರವನ್ನು ಸವೆಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಎರಡನೆಯದು ನುಂಗುವ ಪ್ರಮಾಣ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 5 ಮಿಲಿಗ್ರಾಂ ಫ್ಲೋರೈಡ್ ಹೊಟ್ಟೆಗೆ ಹೋದರೆ ತುರ್ತು ಚಿಕಿತ್ಸೆ ಬೇಕಾಗುವ ಮಟ್ಟವೆಂದು ಪರಿಗಣಿಸುತ್ತಾರೆ. 5 ಗ್ರಾಂ ಜೆಲ್ಲಿನಲ್ಲಿಯೇ 61 ಮಿಲಿಗ್ರಾಮಿನಷ್ಟು ಫ್ಲೋರೈಡ್ ಇದ್ದರೆ, ಇಡೀ ಬಾಯಿಗೆ ಸಾಕಾಗುವ ಕಾಲು ಮಿಲಿಲೀಟರ್ ವಾರ್ನಿಷಿನಲ್ಲಿ ಇರುವುದು ಆರು ಮಿಲಿಗ್ರಾಮಿಗಿಂತಲೂ ಕಡಿಮೆ. ಸಾಂದ್ರತೆ ಹೆಚ್ಚಾದದ್ದೇ ಅಪಾಯಕಾರಿ ಎಂಬ ಅಂಜಿಕೆ ಇಲ್ಲಿ ತಲೆಕೆಳಗಾಗುತ್ತದೆ. ನೊರೆ ಹಗುರವಾದ್ದರಿಂದ ಜೆಲ್ಲಿಗಿಂತ ಕಡಿಮೆ ವಸ್ತು ಬಾಯಿಗೆ ಹೋಗುತ್ತದೆ. ಎರಡನ್ನೂ ಹೀರುಕೊಳವೆ ಇಟ್ಟುಕೊಂಡು, ವೈದ್ಯರ ಕಣ್ಣೆದುರೇ ಬಳಸಬೇಕು.

ಹಾಲಿನ ಪ್ರೋಟೀನಿನ ಕ್ರೀಮ್

ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಎರಿಕ್ ರೆನಾಲ್ಡ್ಸ್ ಅವರ ತಂಡ ರೂಪಿಸಿದ, ಸಿಪಿಪಿ-ಎಸಿಪಿ ಎಂದು ಕರೆಯುವ ವಸ್ತು, ಹಾಲಿನ ಕೇಸೀನ್ ಪ್ರೋಟೀನಿನ ತುಣುಕುಗಳು ಕ್ಯಾಲ್ಸಿಯಂ ಫಾಸ್ಫೇಟನ್ನು ಹರಳುಗಟ್ಟದಂತೆ ಹಿಡಿದಿಟ್ಟುಕೊಂಡಿರುವ ಸಂಯುಕ್ತ. ನಮ್ಮಲ್ಲಿ ಇದು ಟೂತ್ ಮೂಸ್ ಎಂಬ ಹೆಸರಿನ ಕ್ರೀಮಾಗಿ ಪರಿಚಿತ. ರಾತ್ರಿ ಹಲ್ಲುಜ್ಜಿದ ಮೇಲೆ ಬೆರಳಿನಿಂದ ಬ್ರಾಕೆಟ್ಟುಗಳ ಸುತ್ತ ಸವರಿ, ಕೆಲವು ನಿಮಿಷ ಬಾಯಲ್ಲಿಯೇ ಉಳಿಸಿಕೊಂಡು, ಹೆಚ್ಚಾದುದನ್ನು ಉಗುಳಿ ಮಲಗಬೇಕು. ತರ್ಕ ಚೆನ್ನಾಗಿದೆ: ಫ್ಲೋರೈಡ್ ಖನಿಜವನ್ನು ಮರಳಿ ಕೂರಿಸಲು ಸಹಾಯ ಮಾಡುತ್ತದಾದರೂ ಕೂರಬೇಕಾದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಜೊಲ್ಲಿನಿಂದಲೇ ಬರಬೇಕು, ಈ ಕ್ರೀಮ್ ಅವನ್ನು ಹೊರಗಿನಿಂದ ಪೂರೈಸುತ್ತದೆ. ಫಲಿತಾಂಶಗಳು ಮಾತ್ರ ಮಿಶ್ರವಾಗಿವೆ. ಕೆಲವು ಪ್ರಯೋಗಗಳಲ್ಲಿ ಲಾಭ ಕಂಡಿದೆ, ಕೆಲವುಗಳಲ್ಲಿ ಫ್ಲೋರೈಡ್ ಪೇಸ್ಟಿಗಿಂತ ಹೆಚ್ಚಿನದೇನೂ ಕಂಡಿಲ್ಲ. ಬೆಲೆಯೂ ಸಾಮಾನ್ಯ ಪೇಸ್ಟಿನ ಹಲವು ಪಟ್ಟು. ಪೇಸ್ಟಿನ ಜೊತೆಗೆ ಬಳಸುವ ಪೂರಕವಾಗಿ ಇದಕ್ಕೆ ಸ್ಥಾನವಿದೆ, ಪೇಸ್ಟಿನ ಬದಲಿಯಾಗಿ ಇಲ್ಲ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಇದನ್ನು ಮುಟ್ಟಲೇಬಾರದು; ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವ ಲ್ಯಾಕ್ಟೋಸ್ ಸಮಸ್ಯೆ ಬೇರೆ ವಿಷಯ, ಅದು ಇಲ್ಲಿ ಅಡ್ಡಿಯಾಗುವುದಿಲ್ಲ.

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಷನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ಒಸಡು ಊದಿ ರಕ್ತ ಬರುತ್ತಿದ್ದರೆ ಎರಡು ವಾರಗಳ ಮಟ್ಟಿಗೆ ಅದು ಉಪಯುಕ್ತ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಮತ್ತು ನಾಲಿಗೆ ಕಂದುಗಟ್ಟುತ್ತವೆ, ರುಚಿ ಕೆಡುತ್ತದೆ. ಬಿಳಿ ಮಚ್ಚೆಯನ್ನು ತಡೆಯುವ ಸಾಮರ್ಥ್ಯಕ್ಕೆ ಬಲವಾದ ಆಧಾರವೂ ಇಲ್ಲ. ಪೇಸ್ಟಿನ ನೊರೆಕಾರಕ ಇದರ ಗುಣವನ್ನು ತಗ್ಗಿಸುವುದರಿಂದ ಎರಡರ ನಡುವೆ ಅರ್ಧ ಗಂಟೆಯಾದರೂ ಅಂತರ ಬೇಕು.

ಬ್ರಾಕೆಟ್ ಅಂಟಿಸುವ ದಿನವೇ ಮುಗಿದುಹೋಗುವ ಆಯ್ಕೆ

ರೋಗಿಯ ಶಿಸ್ತನ್ನು ಅವಲಂಬಿಸದ ಇನ್ನೊಂದು ದಾರಿ, ಬ್ರಾಕೆಟ್ ಅಂಟಿಸುವಾಗಲೇ ಅದರ ಸುತ್ತಲಿನ ದಂತಕವಚದ ಮೇಲೆ ಬೆಳಕಿನಿಂದ ಗಟ್ಟಿಯಾಗುವ ರಾಳದ ಸೀಲಂಟ್ ಬಳಿಯುವುದು. ಪದರ ಇರುವಷ್ಟು ಕಾಲ ಆಮ್ಲ ಹಲ್ಲಿಗೆ ತಾಗುವುದಿಲ್ಲ. ಆದರೆ ಬ್ರಷ್ಷಿನ ಉಜ್ಜುವಿಕೆಗೆ ಅದು ತಿಂಗಳುಗಳಲ್ಲಿ ಸವೆಯುತ್ತದೆ, ಎಲ್ಲಿ ಸವೆದಿದೆ ಎಂಬುದು ಕಣ್ಣಿಗೆ ಸುಲಭವಾಗಿ ತಿಳಿಯುವುದಿಲ್ಲ. ಮತ್ತೆ ಬಳಿಸದಿದ್ದರೆ ಇದೆಯೆಂಬ ಭ್ರಮೆಯಷ್ಟೇ ಉಳಿಯುತ್ತದೆ. ಫ್ಲೋರೈಡ್ ಬಿಡುವ ಗ್ಲಾಸ್ ಅಯನೋಮರ್ ಸಿಮೆಂಟಿನಿಂದಲೇ ಬ್ರಾಕೆಟ್ ಅಂಟಿಸುವ ಪದ್ಧತಿಯೂ ಇದೆ. ಸಾಮಾನ್ಯ ರಾಳದ ಅಂಟಿಗಿಂತ ಅದರ ಹಿಡಿತ ಕಡಿಮೆಯಾದ್ದರಿಂದ ಬ್ರಾಕೆಟ್ ಕಳಚುವುದು ಹೆಚ್ಚು, ಕಳಚಿದಂತೆಲ್ಲ ಚಿಕಿತ್ಸೆ ಲಂಬಿಸುತ್ತದೆ. ದವಡೆಹಲ್ಲಿಗೆ ತೊಡಿಸುವ ಲೋಹದ ಪಟ್ಟಿಗಳ ಕೆಳಗೆ ಮಾತ್ರ ಈ ಸಿಮೆಂಟು ನಿರ್ವಿವಾದವಾಗಿ ಒಳ್ಳೆಯದು.

ಫ್ಲೋರೈಡ್ ನೀರಿನ ಜಿಲ್ಲೆಗಳವರಿಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಮುಂತಾದ ಜಿಲ್ಲೆಗಳ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್, ಭಾರತೀಯ ಮಾನದಂಡದ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿರುತ್ತದೆ. ಅಲ್ಲಿನ ಪೋಷಕರು ಕೇಳುವ ಪ್ರಶ್ನೆ ಸಹಜವಾದದ್ದೇ: ನೀರಿನಲ್ಲಿಯೇ ಇಷ್ಟು ಫ್ಲೋರೈಡ್ ಇರುವಾಗ ಮತ್ತೆ ಮೇಲಿನಿಂದ ಹಚ್ಚಿಸಬೇಕೆ? ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲಿನಲ್ಲಿ ಗೆರೆ, ಕಲೆ ಮೂಡುವ ತೊಂದರೆ, ಆಗುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಮುಖ್ಯವಾಗಿ ಎಂಟು ವರ್ಷದೊಳಗೆ, ನುಂಗಿದ ಫ್ಲೋರೈಡಿನಿಂದ. ಕ್ಲಿಪ್ ಹಾಕಿಸುವ ಹನ್ನೆರಡು ಹದಿಮೂರರ ವಯಸ್ಸಿಗೆ ಬಾಯಲ್ಲಿ ಕಾಣುವ ಹಲ್ಲುಗಳೆಲ್ಲ ರೂಪುಗೊಂಡು ಮುಗಿದಿರುತ್ತವೆ. ಅವುಗಳಿಗೆ ವಾರ್ನಿಷಿನಿಂದ ಹೊಸದಾಗಿ ಫ್ಲೋರೋಸಿಸ್ ಬರುವುದಿಲ್ಲ. ಫ್ಲೋರೋಸಿಸ್ ಇರುವ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲ ಎಂಬ ನಂಬಿಕೆಯನ್ನು ಕ್ಲಿಪ್ಪಿನ ಸಂದರ್ಭದಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಇಂಥವರು ಮಾಡಬೇಕಾದ ಇನ್ನೊಂದು ಕೆಲಸವಿದೆ: ಕ್ಲಿಪ್ ಹಾಕುವ ಮೊದಲೇ ಹಲ್ಲುಗಳ ಸ್ಪಷ್ಟ ಛಾಯಾಚಿತ್ರ ತೆಗೆಸಿಟ್ಟುಕೊಳ್ಳುವುದು. ಫ್ಲೋರೋಸಿಸ್ಸಿನ ಬಿಳಿ ಗೆರೆಗಳು ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತೆರನಾಗಿ ಹರಡಿರುತ್ತವೆ. ಕ್ಲಿಪ್ಪಿನಿಂದ ಬಂದ ಮಚ್ಚೆ ಬ್ರಾಕೆಟ್ಟಿನ ಅಂಚನ್ನು ಅನುಸರಿಸುತ್ತದೆ. ಹಳೆಯ ಚಿತ್ರವಿಲ್ಲದಿದ್ದರೆ ಎರಡು ವರ್ಷದ ನಂತರ ಯಾವುದು ಯಾವುದೆಂದು ಹೇಳುವುದು ವೈದ್ಯರಿಗೂ ಕಷ್ಟ.

ಯಾರಿಗೆ ಯಾವ ಜೋಡಣೆ

ಚೆನ್ನಾಗಿ ಹಲ್ಲುಜ್ಜುವ, ಹಿಂದೆ ಹುಳುಕು ಕಾಣದ ರೋಗಿಗೆ ಫ್ಲೋರೈಡ್ ಪೇಸ್ಟು, ತಂತಿಯ ಕೆಳಗೆ ನುಗ್ಗುವ ಸಣ್ಣ ಇಂಟರ್‌ಡೆಂಟಲ್ ಬ್ರಷ್ಷು, ಬೇಕಿದ್ದರೆ ದಿನಕ್ಕೊಮ್ಮೆ ಮೌತ್‌ವಾಷು ಸಾಕು. ದುಬಾರಿ ಕ್ರೀಮುಗಳಿಗೆ ಹಣ ಸುರಿಯುವ ಕಾರಣ ನನಗೆ ಕಾಣುವುದಿಲ್ಲ. ಹಾಸ್ಟೆಲಿನಲ್ಲಿರುವ, ಮನೆಯವರ ಕಣ್ಣಿನಿಂದ ದೂರವಿರುವ, ಭೇಟಿಗೆ ಬಂದಾಗಲೆಲ್ಲ ಒಸಡು ಊದಿಕೊಂಡೇ ಇರುವ ಹುಡುಗ ಹುಡುಗಿಯರಿಗೆ ಮೌತ್‌ವಾಷ್ ಬರೆದುಕೊಡುವುದು ಕಾಗದದ ಮೇಲಿನ ಚಿಕಿತ್ಸೆ. ಅವರಿಗೆ ಪ್ರತಿ ಭೇಟಿಯಲ್ಲಿಯೂ ವಾರ್ನಿಷ್ ಅಥವಾ ನೊರೆ ಹಚ್ಚಿಸಬೇಕು. ದಂತವೈದ್ಯ ಕಾಲೇಜುಗಳ ವಿಭಾಗಗಳಲ್ಲಿ ಕಡಿಮೆ ಶುಲ್ಕಕ್ಕೆ ಚಿಕಿತ್ಸೆ ಪಡೆಯುವವರು, ವಾರ್ನಿಷ್ ಒಟ್ಟು ಶುಲ್ಕದಲ್ಲಿ ಸೇರಿದೆಯೇ ಎಂಬುದನ್ನು ಆರಂಭದಲ್ಲಿಯೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಚಿಕಿತ್ಸೆಯ ನಡುವೆಯೇ ಹೊಸ ಮಚ್ಚೆ ಕಂಡುಬಂದರೆ ವಾರ್ನಿಷಿನ ಜೊತೆಗೆ 5000 ಪಿಪಿಎಂ ಪೇಸ್ಟು ಅಥವಾ ಹಾಲಿನ ಪ್ರೋಟೀನಿನ ಕ್ರೀಮನ್ನು ಸೇರಿಸಬಹುದು. ಅಷ್ಟಾದರೂ ಮಚ್ಚೆ ಹಬ್ಬುತ್ತಿದ್ದರೆ, ಹಲ್ಲು ಪೂರ್ತಿ ಸಾಲಿಗೆ ಬರದಿದ್ದರೂ ಕ್ಲಿಪ್ಪನ್ನು ಬೇಗ ಬಿಚ್ಚುವ ಮಾತನ್ನು ವೈದ್ಯರೊಂದಿಗೆ ಆಡಬೇಕಾಗುತ್ತದೆ. ತೆಗೆದುಹಾಕಬಹುದಾದ ಪಾರದರ್ಶಕ ಅಲೈನರ್ ಬಳಸುವವರು ಸುರಕ್ಷಿತರೆಂದುಕೊಳ್ಳಬಾರದು. ಅಲೈನರ್ ಹಾಕಿಕೊಂಡೇ ಸಿಹಿ ಪಾನೀಯ ಕುಡಿದರೆ ಅದು ಜೊಲ್ಲು ಸುಳಿಯದ ಜಾಗದಲ್ಲಿ ಹಲ್ಲಿಗೆ ಅಂಟಿ ನಿಲ್ಲುತ್ತದೆ.

ಕ್ಲಿಪ್ ಬಿಚ್ಚಿದ ಮೇಲೆ

ತಡೆಯುವಾಗ ಸರಿಯಾದದ್ದು ಇಲ್ಲಿ ತಪ್ಪಾಗಬಹುದು. ಮುಂಹಲ್ಲಿನ ಮೇಲೆ ಉಳಿದ ಬಿಳಿ ಮಚ್ಚೆಗೆ ತಕ್ಷಣವೇ ಹೆಚ್ಚು ಸಾಂದ್ರತೆಯ ವಾರ್ನಿಷ್ ಹಚ್ಚಿದರೆ ಮೇಲ್ಮೈ ಬೇಗ ಗಟ್ಟಿಯಾಗಿ, ಖನಿಜ ಒಳಗಿನವರೆಗೆ ಇಳಿಯುವ ದಾರಿ ಮುಚ್ಚಿ, ಮಚ್ಚೆ ಬಿಳಿಯಾಗಿಯೇ ಉಳಿಯುತ್ತದೆ, ಇಲ್ಲವೇ ಕಾಲಕ್ರಮೇಣ ಕಂದು ಬಣ್ಣ ಹಿಡಿಯುತ್ತದೆ ಎಂದು ಈ ಕ್ಷೇತ್ರದ ಅನೇಕರು ಎಚ್ಚರಿಸುತ್ತಾರೆ. ಆದ್ದರಿಂದ ಮೊದಲ ಕೆಲವು ತಿಂಗಳು ಸಾಮಾನ್ಯ ಫ್ಲೋರೈಡ್ ಪೇಸ್ಟನ್ನು ಮಾತ್ರ ಬಳಸಿ, ಜೊಲ್ಲು ತನ್ನ ಕೆಲಸ ಮಾಡಲು ಆರು ತಿಂಗಳು ಕಾಯುವುದು ವಾಡಿಕೆ. ಅಷ್ಟರಲ್ಲಿ ಸಾಕಷ್ಟು ಮಚ್ಚೆಗಳು ತಾವಾಗಿಯೇ ಮಸುಕಾಗುತ್ತವೆ. ಉಳಿದವಕ್ಕೆ ರಾಳ ತುಂಬಿಸುವ ಚಿಕಿತ್ಸೆಯಿದೆ. ಆಮ್ಲದಿಂದ ಮೇಲ್ಮೈ ತೆರೆದು ಒಣಗಿಸಿ, ಬೆಳಕನ್ನು ಹೆಚ್ಚುಕಡಿಮೆ ದಂತಕವಚದಷ್ಟೇ ಬಾಗಿಸುವ (ವಕ್ರೀಭವನ) ಗುಣವಿರುವ ತೆಳುವಾದ ರಾಳವನ್ನು ರಂಧ್ರಗಳೊಳಗೆ ಇಳಿಸಿದಾಗ, ಗಾಳಿ ಮತ್ತು ನೀರು ತುಂಬಿದ್ದರಿಂದ ಬೆಳಕನ್ನು ಚೆದುರಿಸಿ ಬಿಳಿಯಾಗಿ ಕಾಣುತ್ತಿದ್ದ ಜಾಗ ಸುತ್ತಲಿನ ಹಲ್ಲಿನೊಂದಿಗೆ ಬೆರೆಯುತ್ತದೆ. ಹಲ್ಲು ಕೊರೆಯುವ ಅಗತ್ಯವಿಲ್ಲ, ಹೆಚ್ಚಾಗಿ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಮೇಲ್ಮೈ ಈಗಾಗಲೇ ಕುಸಿದು ಕುಳಿಯಾಗಿದ್ದರೆ ಮಾತ್ರ ಈ ರಾಳ ಸಾಲದು. ಅಲ್ಲಿ ಫಿಲ್ಲಿಂಗನ್ನೇ ಮಾಡಿಸಬೇಕಾಗುತ್ತದೆ.